ಅಗ್ಗದ ಬೆಲೆಯೂ ಅಸಲಿನ ಅರಿವೂ

ವಸ್ತುವೊಂದನ್ನು ಅದರ ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದು ಔದಾರ್ಯವೋ, ಅಜಾಗ್ರತೆಯೋ? ಹೆಚ್ಚು ಬೆಲೆ ಸುಲಿಯುವ ವ್ಯಾಪಾರಿಯನ್ನು ನೀತಿವಿಚಾರಕರು ಎಂದಿನಿಂದಲೂ ಖಂಡಿಸುತ್ತ ಬಂದಿದ್ದಾರೆ. ಕಡಿಮೆ ಬೆಲೆಗೆ ಕೊಟ್ಟವನನ್ನು ನಿಲ್ಲಿಸಿ ಕೇಳಿದವರು ವಿರಳ. ಆದರೆ ಕೇಳಬೇಕಾದ ಸಂದರ್ಭಗಳೂ ಉಂಟು. ಇಂಗ್ಲೆಂಡಿನ ‘ಮಿನಿ’ ಎಂಬ ಪುಟ್ಟ ಮೋಟಾರು ಕಾರಿನ ವೃತ್ತಾಂತ ಅಂಥದೊಂದು.

1956ರಲ್ಲಿ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿಗೆ ತೈಲ ಬರುವುದು ದುರ್ಲಭವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಪೆಟ್ರೋಲಿಗೆ ಪಡಿತರ ಜಾರಿಗೆ ಬಂದಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಅವರು ಅಲ್ಪ ಇಂಧನದಲ್ಲಿ ಓಡುವ, ಆದರೆ ಆಟಿಕೆಯಲ್ಲದ ನಿಜವಾದ ಕಾರೊಂದನ್ನು ರಚಿಸುವಂತೆ ಅಲೆಕ್ ಇಸಿಗೊನಿಸ್ ಅವರಿಗೆ ಹೇಳಿದರು. 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಕಾರಿನ ವಿನ್ಯಾಸಕಾರರೂ ಇವರೇ. ಇಸಿಗೊನಿಸ್ ಅವರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗಿಯರುಗಳ ಪೆಟ್ಟಿಗೆಯನ್ನು ಅದರ ಕೆಳಗೆ ಅದೇ ಎಣ್ಣೆಯಲ್ಲಿ ಅಡಗಿಸಿ, ಚಲನಶಕ್ತಿಯನ್ನು ಮುಂದಿನ ಚಕ್ರಗಳಿಗೇ ಒದಗಿಸಿದರು. ಚಕ್ರಗಳ ವ್ಯಾಸ 10 ಅಂಗುಲಕ್ಕೆ ಇಳಿಯಿತು. ಉಕ್ಕಿನ ಸ್ಪ್ರಿಂಗುಗಳ ಬದಲು ಅಲೆಕ್ಸ್ ಮೌಲ್ಟನ್ ಅವರ ರಬ್ಬರ್ ಶಂಕುಗಳು ಬಂದವು. ಹೀಗೆ ಸುಮಾರು 10 ಅಡಿ ಉದ್ದದ ಕಾರಿನ ನೆಲದಲ್ಲಿ ಶೇಕಡಾ 80ರಷ್ಟು ಭಾಗ ಪ್ರಯಾಣಿಕರಿಗೂ ಅವರ ಸಾಮಾನಿಗೂ ಉಳಿಯಿತು. ಮಿತದಲ್ಲಿ ಸೌಖ್ಯವನ್ನು ಸಾಧಿಸುವ ಈ ಬುದ್ಧಿಗೆ ತಲೆದೂಗದವರಿಲ್ಲ.

1959ರ ಆಗಸ್ಟ್ 26ರಂದು ಕಾರು ಪೇಟೆಗೆ ಬಂತು. ಮೂಲ ಮಾದರಿಯ ಬೆಲೆ ತೆರಿಗೆ ಸೇರಿ 496 ಪೌಂಡ್ 19 ಶಿಲಿಂಗ್ 2 ಪೆನ್ಸ್. ಐನೂರಕ್ಕೆ ಮೂರು ಪೌಂಡು ಕಡಿಮೆ! ಅಸಲಿನ ಮೇಲೆ ಲಾಭವನ್ನಿಟ್ಟು ಕಟ್ಟಿದ ಬೆಲೆ ಇಂಥ ಅನುಕೂಲವಾದ ಸ್ಥಾನದಲ್ಲಿ ಬಂದು ನಿಲ್ಲುವುದು ಅಪರೂಪವೆಂದು ವ್ಯಾಪಾರ ಬಲ್ಲವರು ಕೂಡಲೇ ಊಹಿಸಬಲ್ಲರು.

ಪ್ರತಿಸ್ಪರ್ಧಿಯಾದ ಫೋರ್ಡ್ ಸಂಸ್ಥೆಯವರು ಊಹಿಸಿ ಸುಮ್ಮನಾಗಲಿಲ್ಲ. ಒಂದು ಮಿನಿಯನ್ನು ಕೊಂಡು, ಮೊಳೆಮೊಳೆಯಾಗಿ ಬಿಚ್ಚಿ, ಪ್ರತಿ ಭಾಗಕ್ಕೂ ತಗಲುವ ಖರ್ಚನ್ನು ಲೆಕ್ಕ ಹಾಕಿದರು. ಅವರ ಅಂದಾಜಿನಂತೆ ತಯಾರಕರು ಕಾರೊಂದಕ್ಕೆ ಸುಮಾರು 30 ಪೌಂಡ್ ಕಳೆದುಕೊಳ್ಳುತ್ತಿದ್ದರು. ತಯಾರಕರು ಇದನ್ನು ಒಪ್ಪಲಿಲ್ಲ. ಅವರ ಪರವಾಗಿಯೂ ಹೇಳಬೇಕಾದುದುಂಟು: ಕಾರ್ಖಾನೆಯ ಕಟ್ಟಡ, ಯಂತ್ರ, ಆಡಳಿತ ಇವುಗಳ ಸ್ಥಿರವೆಚ್ಚ ಮಿನಿ ಇದ್ದರೂ ಇಲ್ಲದಿದ್ದರೂ ಇದ್ದೇ ಇರುತ್ತಿತ್ತು, ಅದರಲ್ಲಿ ಎಷ್ಟನ್ನು ಯಾವ ಕಾರಿನ ತಲೆಗೆ ಕಟ್ಟಬೇಕೆಂಬುದು ಲೆಕ್ಕಿಗರಲ್ಲೇ ವಿವಾದದ ವಿಷಯ. ಹೊರಗಿನವನ ಲೆಕ್ಕ ಎಷ್ಟಾದರೂ ಹೊರಗಿನವನದೇ. ಆದರೂ ಮನೆಯ ಅಸಲನ್ನು ಎದುರು ಅಂಗಡಿಯವನು ಮನೆಯವರಿಗಿಂತ ಶ್ರದ್ಧೆಯಿಂದ ಲೆಕ್ಕ ಹಾಕಿದನೆಂಬುದು ಲಜ್ಜೆಯ ಸಂಗತಿಯಲ್ಲವೇ?

ದಿನಸಿ ವ್ಯಾಪಾರಿಯೊಬ್ಬ ಸಕ್ಕರೆಯನ್ನು ಅಸಲಿಗೇ ಕೊಟ್ಟು ಬೇಳೆಕಾಳಿನಲ್ಲಿ ಲಾಭ ಪಡೆಯುತ್ತಾನೆ. ಅದರಲ್ಲಿ ದೋಷವಿಲ್ಲ. ಸಕ್ಕರೆಯಲ್ಲಿ ಬಿಟ್ಟದ್ದೆಷ್ಟು, ಬೇಳೆಯಲ್ಲಿ ಪಡೆದದ್ದೆಷ್ಟು ಎಂಬುದು ಅವನಿಗೆ ಗೊತ್ತು. ಬಡವನೊಬ್ಬನಿಗೆ ಅರಿತೇ ಕಡಿಮೆಗೆ ಕೊಟ್ಟರೆ ಅದು ದಾನ. ನಷ್ಟ ಅವನದು, ಪುಣ್ಯವೂ ಅವನದು. ಆದರೆ ಕೊಡುತ್ತಿದ್ದೇನೆಂದೇ ಅರಿಯದವನ ಕೊಡುಗೆಯನ್ನು ದಾನವೆನ್ನುವುದು ಹೇಗೆ? ಅರಿವಿಲ್ಲದ ತ್ಯಾಗ ತ್ಯಾಗವಲ್ಲ, ಪ್ರಮಾದ. ಅದಕ್ಕಿಂತ ಗಂಭೀರವಾದ ಮಾತು, ಹಾಗೆ ಕೊಟ್ಟದ್ದು ಯಾರದು ಎಂಬುದು. ದೊಡ್ಡ ಸಂಸ್ಥೆಯಲ್ಲಿ ಬೆಲೆ ಕಟ್ಟುವವನು ತನ್ನ ಜೇಬಿನಿಂದ ಕೊಡುವುದಿಲ್ಲ. ಷೇರುದಾರನ ಉಳಿತಾಯ, ಕಾರ್ಮಿಕನ ನಾಳಿನ ಉದ್ಯೋಗ, ಮುಂದಿನ ಕಾರಿನ ಸಂಶೋಧನೆಗೆ ಬೇಕಾದ ನಿಧಿ, ಇವುಗಳಿಂದಲೇ ಆ ಮೂವತ್ತು ಪೌಂಡು ಹೊರಡಬೇಕು. ಇವರಲ್ಲಿ ಯಾರನ್ನೂ ಕೇಳಿದ್ದಿಲ್ಲ.

ಮೊದಲ ಕಾರುಗಳ ನೆಲದ ತಗಡುಗಳ ಬೆಸುಗೆಯಂಚು ತಿರುವುಮುರುವಾಗಿದ್ದು, ಮಳೆ ಬಂದಾಗ ಒಳಕ್ಕೆ ನೀರು ಸೇರುತ್ತಿತ್ತು. ಅದನ್ನು ಸರಿಪಡಿಸುವ ಖರ್ಚೂ ಸಂಸ್ಥೆಯ ಮೇಲೆಯೇ ಬಿತ್ತು. ತೆಳುವಾದ ಲಾಭಕ್ಕೆ ಇಂಥ ಆಘಾತಗಳನ್ನು ತಾಳುವ ಶಕ್ತಿಯಿರದು. ಆ ಸುಮಾರಿಗೇ ಫೋರ್ಡ್ ಸಂಸ್ಥೆ ಪ್ರತಿ ಭಾಗದ ಖರ್ಚನ್ನೂ ಮೊದಲೇ ನಿಗದಿಮಾಡಿಕೊಂಡು ಕೊರ್ಟಿನಾ ಎಂಬ ಕಾರನ್ನು 1962ರಲ್ಲಿ ಹೊರತಂದಿತು. ಅದರ ರಚನೆಯಲ್ಲಿ ಮಿನಿಯಂಥ ಕ್ರಾಂತಿ ಏನೂ ಇರಲಿಲ್ಲ. ಹಣವನ್ನು ಮಾತ್ರ ತಂದುಕೊಟ್ಟಿತು.

ಮುಂದಿನದು ಮಿನಿಯೊಂದರಿಂದಲೇ ಆದುದಲ್ಲ, ಹಾಗೆನ್ನುವುದು ಅನ್ಯಾಯ. ಕಾರ್ಮಿಕ ಕಲಹ, ಹಳೆಯ ಕಾರ್ಖಾನೆಗಳು, ಒಂದಕ್ಕೊಂದು ಎದುರಾಗುವ ಮಾದರಿಗಳು, ಎಲ್ಲವೂ ಸೇರಿದ್ದವು. 1968ರಲ್ಲಿ ಸಂಸ್ಥೆ ಲೇಲ್ಯಾಂಡಿನೊಡನೆ ಸೇರಿತು. 1975ರಲ್ಲಿ ಸರ್ಕಾರದ ವಶವಾಯಿತು. ಆಗ ಮಿನಿಯನ್ನು ಎಂದೂ ಕೊಳ್ಳದ ತೆರಿಗೆದಾರನೂ ಲೆಕ್ಕದೊಳಗೆ ಬಂದ.

ಕೊಂಡವನ ಪಾಲೇನು? ಕೇಳಿದ ಬೆಲೆಯನ್ನು ತೆತ್ತವನು ನಿರ್ದೋಷಿ. ಮಾರುವವನ ಅಸಲನ್ನು ವಿಚಾರಿಸುವುದು ಗಿರಾಕಿಯ ಧರ್ಮವಲ್ಲ. 2000ದ ಅಕ್ಟೋಬರ್‌ವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದವು. ಎಷ್ಟೋ ಸಾಮಾನ್ಯ ಕುಟುಂಬಗಳು ಮೊದಲ ಬಾರಿಗೆ ಸ್ವಂತ ಕಾರಿನಲ್ಲಿ ಕುಳಿತದ್ದು ಅದರಿಂದ. ಆ ಉಪಕಾರ ಸುಳ್ಳಲ್ಲ. ಹಾಗೆಂದು ಅದರ ಖರ್ಚನ್ನು ಬರೆದಿಡದಿದ್ದುದು ಸರಿಯೂ ಆಗುವುದಿಲ್ಲ.

ರೋವರ್ ಎಂಬ ಹೆಸರಿನಲ್ಲಿ ಉಳಿದಿದ್ದ ಆ ಸಂಸ್ಥೆಯನ್ನು 1994ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕೊಂಡಿತು. ನಷ್ಟ ತಾಳಲಾರದೆ 2000ದಲ್ಲಿ ಅದರ ಕಾರು ತಯಾರಿಕೆಯ ಮುಖ್ಯ ಭಾಗವನ್ನು ಕೇವಲ 10 ಪೌಂಡಿಗೆ ಬಿಟ್ಟುಕೊಟ್ಟಿತು. ಮಿನಿ ಎಂಬ ಹೆಸರನ್ನು ಮಾತ್ರ ಕೊಡಲಿಲ್ಲ, ತನ್ನಲ್ಲೇ ಉಳಿಸಿಕೊಂಡಿತು.