ಕೇಳದವರ ಸಾಲ

ಸಂಬಳ ಬಂದ ದಿನ ರಾತ್ರಿ ಊಟ ಮುಗಿಸಿ, ನಾನೂ ನನ್ನ ಹೆಂಡತಿಯೂ ಹಳೆಯ ನೋಟ್‌ಬುಕ್ಕೊಂದನ್ನು ಮುಂದಿಟ್ಟುಕೊಂಡು ಕೂರುವುದು ನಮ್ಮ ಮನೆಯ ಪದ್ಧತಿ. ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳನ್ನು ನಂಬಿ ಬದುಕುವ ಎಷ್ಟೋ ಮನೆಗಳಲ್ಲಿ ಅದೇ ಹೊತ್ತಿಗೆ ಇದೇ ಲೆಕ್ಕ ನಡೆಯುತ್ತಿರುತ್ತದೆ. ಮನೆಸಾಲದ ಕಂತು, ಮಗಳ ಕಾಲೇಜಿನ ಫೀಸು, ಗ್ಯಾಸು, ಹಾಲು, ಕಿರಾಣಿ ಅಂಗಡಿಯ ಬಾಕಿ, ಚೀಟಿಯ ಹಣ. ತಮಿಳುನಾಡಿನಲ್ಲಿ 2011ರಿಂದ ರೇಷನ್ ಅಕ್ಕಿ ಉಚಿತ. ಹಾಗಾಗಿ ಅನ್ನಕ್ಕೆ ಅಂಜಿಕೆಯಿಲ್ಲ. ಅನ್ನದ ಜೊತೆಗೆ ಬೇಕಾದ ಮಿಕ್ಕೆಲ್ಲದಕ್ಕೂ ಅಂಜಿಕೆಯೇ. ನಮ್ಮ ಕನ್ನಡದಲ್ಲಿ ‘ಸಾಲ’ ಮತ್ತು ‘ಸಾಲದು’ ಎಂಬ ಎರಡು ಮಾತುಗಳು ಎಷ್ಟು ಹತ್ತಿರ ಕೂತಿವೆ ಎಂದು ಆ ರಾತ್ರಿಗಳಲ್ಲಿ ನನಗೆ ಮತ್ತೆ ಮತ್ತೆ ಅನ್ನಿಸಿದೆ. ಭಾಷಾಶಾಸ್ತ್ರಜ್ಞರು ಏನೇ ಹೇಳಲಿ, ಸಂಸಾರಸ್ಥನಿಗೆ ಅವೆರಡೂ ಒಂದೇ ಬೇರಿನವು.

ಈ ಲೇಖನದಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆ ಬೆಲೆ ಏಕೆ ಏರಿತು ಎಂಬುದಲ್ಲ. ಅದನ್ನು ಅರ್ಥಶಾಸ್ತ್ರ ಬಲ್ಲವರು ಹೇಳಲಿ. ಬೆಲೆ ಏರಿ, ಕೈಯಲ್ಲಿರುವುದು ಎಲ್ಲರಿಗೂ ಸಾಲದೆ ಹೋದಾಗ, ಯಾರ ಸಾಲವನ್ನು ಮೊದಲು ತೀರಿಸಬೇಕು? ಇದು ಮೇಲ್ನೋಟಕ್ಕೆ ಲೆಕ್ಕದ ಪ್ರಶ್ನೆಯಂತೆ ಕಾಣುತ್ತದೆ. ನನ್ನ ಅನುಭವದಲ್ಲಿ ಅದು ಧರ್ಮದ ಪ್ರಶ್ನೆ. ಅದನ್ನು ನನ್ನ ಕಥೆಯಿಂದಲೇ ಹೇಳುವುದು ನ್ಯಾಯ, ಏಕೆಂದರೆ ತಪ್ಪು ನನ್ನದೇ.

ನನ್ನ ಮೇಲೆ ಎರಡು ಸಾಲಗಳಿವೆ. ಮೊದಲನೆಯದು ಮನೆಸಾಲ. 2021ರಲ್ಲಿ, ಶೇಕಡಾ 7ರ ಬಡ್ಡಿಗೆ, ಇಪ್ಪತ್ತು ವರ್ಷದ ಅವಧಿಗೆ ಹದಿನೈದು ಲಕ್ಷ ರೂಪಾಯಿ ತೆಗೆದುಕೊಂಡೆ. ತಿಂಗಳ ಕಂತು 11,630 ರೂಪಾಯಿ. ಆ ಬಳಿಕ ಬೆಲೆಗಳು ಏರಿದವು; ಅವನ್ನು ಹತೋಟಿಗೆ ತರಲು ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಶೇಕಡಾ 4ರಿಂದ 6.5ಕ್ಕೆ ಏರಿಸಿತು. ನನ್ನ ಬಡ್ಡಿಯೂ ಏಳರಿಂದ ಒಂಬತ್ತೂವರೆಗೆ ಹೋಯಿತು. ಹಳೆಯ ಕಂತನ್ನೇ ಕಟ್ಟಿದ್ದರೆ ಅದರಲ್ಲಿ ಅಸಲಿಗೆ ಸೇರುತ್ತಿದ್ದದ್ದು ತಿಂಗಳಿಗೆ ನೂರೈವತ್ತು ರೂಪಾಯಿಯ ಆಸುಪಾಸು, ಉಳಿದದ್ದೆಲ್ಲ ಬಡ್ಡಿಗೆ. ಕಂತನ್ನು 13,900ಕ್ಕೆ ಏರಿಸಿಕೊಳ್ಳುವುದೊಂದೇ ದಾರಿಯಾಯಿತು. 2025ರಲ್ಲಿ ದರ ಇಳಿಯತೊಡಗಿದರೂ, ಆ ಎರಡು ವರ್ಷಗಳಲ್ಲಿ ಬಿದ್ದ ಹೊರೆ ಬಿದ್ದದ್ದೇ. ಆದರೂ ಒಂದು ಕಂತೂ ನಾನು ತಪ್ಪಿಸಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ಎರಡನೆಯದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿದ್ದ ಸಾಲ. 2001ರಲ್ಲಿ ನನ್ನ ತಂದೆಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ತಳಿಯ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಮುದುಕಿಯೊಬ್ಬರಿದ್ದರು. ರಕ್ತಸಂಬಂಧವಿಲ್ಲ, ಆದರೂ ನಮಗೆಲ್ಲ ಅವರು ದೊಡ್ಡಮ್ಮ. ಮೂರು ವರ್ಷದ ಮೊಮ್ಮಗಳಿಗೆ ಮುಂದೆ ಒಂದು ಸರ ಮಾಡಿಸಬೇಕೆಂದು, ರಾಗಿ ಮಾರಿ, ಹುಣಸೆ ಮಾರಿ ಕೂಡಿಟ್ಟಿದ್ದ ಇಪ್ಪತ್ತು ಸಾವಿರ ರೂಪಾಯಿಯನ್ನು ಒಂದು ಬಟ್ಟೆಯ ಗಂಟಿನಲ್ಲಿ ತಂದು ಕೊಟ್ಟರು. ಪತ್ರವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯ ಮಾತಿಲ್ಲ. “ಆದಾಗ ಕೊಡೀವಂತೆ, ಮೊದಲು ಅಪ್ಪನ್ನ ನೋಡ್ಕೋ” ಎಂದರು. ಅಪ್ಪ ಅದಾದ ಮೇಲೆ ಒಂಬತ್ತು ವರ್ಷ ಬದುಕಿದರು.

ನಾನು ಕೊಡಲಿಲ್ಲ. ಕೊಡಬಾರದೆಂದು ಅಲ್ಲ, ಪ್ರತಿ ವರ್ಷವೂ ‘ಬರುವ ವರ್ಷ’ ಎಂದುಕೊಂಡೆ. ಅವರು ಕೇಳಲೂ ಇಲ್ಲ.

2025ರ ದೀಪಾವಳಿಯ ಹೊತ್ತಿಗೆ ದೊಡ್ಡಮ್ಮ, ಮೊಮ್ಮಗಳ ಜೊತೆ ಬಸ್ಸಿನಲ್ಲಿ ಹೊಸೂರಿಗೆ ಬಂದರು. ಮನೆಗೆ ರಾಗಿಹಿಟ್ಟು ತಂದಿದ್ದರು. ಮೊಮ್ಮಗಳಿಗೆ ಸಂಬಂಧ ಕೂಡಿಬಂದಿದೆ ಎಂದು ಸಂತೋಷದಿಂದ ಹೇಳಿದರು. ಕಾಫಿ ಕುಡಿದು, ಹೊರಡುವ ಮುನ್ನ, ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಮಾತು ಕೇಳಿದರು: “ಚಿನ್ನ ಈಗ ಏನು ರೇಟಪ್ಪಾ?”

“ತುಂಬಾ ಏರಿಬಿಟ್ಟಿದೆ ದೊಡ್ಡಮ್ಮ” ಎಂದು ಹೇಳಿ ನಾನು ಮಾತು ಮರೆಸಿದೆ.

ಆ ರಾತ್ರಿ ನನ್ನ ಹೆಂಡತಿ ನೋಟ್‌ಬುಕ್ಕು ತೆರೆದು ಹೇಳಿದ ಮಾತು ಇದು: “ಬ್ಯಾಂಕಿಗೆ ಮೂರು ದಿನ ತಡವಾದರೆ ದಂಡ ಹಾಕ್ತಾರೆ ಅಂತ ಓಡಿ ಹೋಗಿ ಕಟ್ತೀರಿ. ದೊಡ್ಡಮ್ಮಂಗೆ ಇಪ್ಪತ್ತನಾಲ್ಕು ವರ್ಷ ತಡ ಆಯ್ತು. ಅವರು ಒಂದು ಮಾತೂ ಅನ್ನಲಿಲ್ಲವಲ್ಲ, ಅದಕ್ಕೇ ಅಲ್ಲವಾ?”

ಅದಕ್ಕೇ. ಅವಳ ಮಾತಿನಲ್ಲಿ ನನ್ನ ಇಡೀ ನೀತಿಶಾಸ್ತ್ರ ಬಯಲಾಗಿತ್ತು. ನನಗೆ ತೊಂದರೆ ಕೊಡಬಲ್ಲವರಿಗೆ ನಾನು ಪ್ರಾಮಾಣಿಕನಾಗಿದ್ದೆ. ನನ್ನನ್ನು ನಂಬಿದವರಿಗೆ ಆಗಿರಲಿಲ್ಲ. ಕಂತು ತಪ್ಪಿಸದ ನನ್ನ ಹೆಮ್ಮೆ ಬಹುಪಾಲು ಭಯವೇ ಆಗಿತ್ತು.

ಆದರೂ ಮನಸ್ಸು ಸುಲಭಕ್ಕೆ ಸೋಲುವುದಿಲ್ಲ. ‘ಬೆಲೆಯೇರಿಕೆಯಲ್ಲಿ ನಾನೇನು ಮಾಡಲಿ?’ ಎಂದು ಅದು ವಾದಿಸಿತು. ಬೆಲೆಯೇರಿಕೆ ನಿಜ. ಆದರೆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ಮೋಟರ್ ಸೈಕಲ್ಲು ಬಂತು, ದೊಡ್ಡ ಟೀವಿ ಬಂತು, ಕುಟುಂಬ ಸಮೇತ ಕನ್ಯಾಕುಮಾರಿಗೂ ಹೋಗಿಬಂದೆವು. ಕೈ ಬಿಗಿಯಾದಾಗ ನಿಂತುಹೋದದ್ದು ದೊಡ್ಡಮ್ಮನ ಹಣವೊಂದೇ. ಕಷ್ಟವೂ ಇತ್ತು, ಅದರ ನೆರಳಿನಲ್ಲಿ ನೆಪವೂ ಇತ್ತು.

ಹಾಗಾದರೆ ಈಗ ಎಷ್ಟು ಕೊಡಬೇಕು? ಪೆನ್ಸಿಲ್ ಹಿಡಿದು ಕೂತಾಗ ನನಗೆ ಸಿಕ್ಕಿದ್ದು ಒಂದು ಉತ್ತರವಲ್ಲ.

ಕಾನೂನನ್ನು ಕೇಳಿದರೆ, ಏನೂ ಇಲ್ಲ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಕೈಸಾಲಕ್ಕೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ದೊಡ್ಡಮ್ಮನ ಹಕ್ಕು ನ್ಯಾಯಾಲಯದ ಮಟ್ಟಿಗೆ ಯಾವತ್ತೋ ಮುಗಿದಿತ್ತು. ಹೇಳಿದ ಮಾತನ್ನು ಕೇಳಿದರೆ, ಇಪ್ಪತ್ತು ಸಾವಿರ. ಒಮ್ಮೆಗೆ ಪಡೆಯುವ ಬಡ್ಡಿ ಅಸಲನ್ನು ಮೀರಬಾರದೆಂಬ ಹಳೆಯ ಧರ್ಮಶಾಸ್ತ್ರದ ನಿಯಮವನ್ನು ಕೇಳಿದರೆ, ಹೆಚ್ಚೆಂದರೆ ನಲವತ್ತು ಸಾವಿರ. ಆದಾಯ ತೆರಿಗೆಯ ಲೆಕ್ಕಕ್ಕೆಂದು ಸರಕಾರವೇ ಪ್ರಕಟಿಸುವ ಬೆಲೆಯೇರಿಕೆಯ ಸೂಚ್ಯಂಕ 2001-02ರಲ್ಲಿ 100 ಇದ್ದದ್ದು 2025-26ರಲ್ಲಿ 376. ಆ ಪ್ರಕಾರ 75,200 ರೂಪಾಯಿ. ರಾಗಿಯನ್ನು ಕೇಳಿದರೆ? ಸರಕಾರದ ಬೆಂಬಲ ಬೆಲೆ 2001-02ರಲ್ಲಿ ಕ್ವಿಂಟಾಲಿಗೆ 485 ರೂಪಾಯಿ, 2025-26ರಲ್ಲಿ 4,886. ದೊಡ್ಡಮ್ಮ ಕೊಟ್ಟದ್ದು ನಲವತ್ತೊಂದು ಕ್ವಿಂಟಾಲ್ ರಾಗಿ; ಇವತ್ತು ಇಪ್ಪತ್ತು ಸಾವಿರವನ್ನೇ ಹಿಂದಿರುಗಿಸಿದರೆ ನಾನು ಕೊಡುವುದು ನಾಲ್ಕು ಕ್ವಿಂಟಾಲ್. ರಾಗಿಗೆ ರಾಗಿ ಕೊಡಬೇಕೆಂದರೆ ಎರಡು ಲಕ್ಷ ದಾಟುತ್ತದೆ. ಇನ್ನು ಚಿನ್ನ: 2001ರಲ್ಲಿ ಹತ್ತು ಗ್ರಾಮಿಗೆ ನಾಲ್ಕು ಸಾವಿರದ ಚಿಲ್ಲರೆ, 2025ರಲ್ಲಿ ಲಕ್ಷ ದಾಟಿತು. ಆ ಹಣಕ್ಕೆ ಆಗ ಹೆಚ್ಚು ಕಡಿಮೆ ಆರು ಪವನು ಬರುತ್ತಿತ್ತು. ಆ ಆರು ಪವನು ಇವತ್ತು ನಾಲ್ಕೂಮುಕ್ಕಾಲು ಲಕ್ಷಕ್ಕೂ ಮೇಲೆ.

ಇಲ್ಲಿ ನನಗೆ ಒಂದು ಸತ್ಯ ಹೊಳೆಯಿತು. ಬೆಲೆಯೇರಿಕೆ ಸಾಲಗಾರನನ್ನು ಹಿಂಡುತ್ತದೆ ಎಂದು ನಾವು ಸದಾ ಹೇಳುತ್ತೇವೆ. ಅದು ಅರ್ಧ ಮಾತ್ರ ನಿಜ. ಬ್ಯಾಂಕಿನ ಸಾಲದಲ್ಲಿ ಬೆಲೆಯ ಜೊತೆಗೆ ಬಡ್ಡಿಯೂ ಏರುತ್ತದೆ, ಕೊಟ್ಟವನಿಗೆ ರಕ್ಷಣೆಯಿದೆ. ಬಡ್ಡಿಯಿಲ್ಲದೆ ನಂಬಿ ಕೊಟ್ಟವರ ಸಾಲವನ್ನು ಅದೇ ಬೆಲೆಯೇರಿಕೆ ವರ್ಷ ವರ್ಷವೂ ಸದ್ದಿಲ್ಲದೆ ಕರಗಿಸುತ್ತದೆ. ಅವರ ಕೈಯಿಂದ ಜಾರಿದ್ದು ನಮ್ಮ ಮಡಿಲಿಗೆ ಬೀಳುತ್ತದೆ. ನಾನು ಕದಿಯಲಿಲ್ಲ, ಸುಮ್ಮನೆ ತಡಮಾಡಿದೆ, ಅಷ್ಟೇ. ತಡವೇ ನನ್ನ ಪರವಾಗಿ ಕದ್ದಿತು.

ಈ ನ್ಯಾಯದ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ರಾಜಾಜಿಯವರು ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. 1929ರ ಬಳಿಕದ ಜಾಗತಿಕ ಮುಗ್ಗಟ್ಟಿನಲ್ಲಿ ಬೆಳೆಗಳ ಬೆಲೆ ನೆಲಕಚ್ಚಿತ್ತು. ಪತ್ರದಲ್ಲಿ ನೂರು ರೂಪಾಯಿ ನೂರೇ ಆಗಿದ್ದರೂ, ಅದನ್ನು ತೀರಿಸಲು ರೈತ ಮಾರಬೇಕಾದ ಧಾನ್ಯ ಮಾತ್ರ ಬಹಳ ಹೆಚ್ಚಿತ್ತು. ಆಗ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ರಾಜಾಜಿಯವರ ಸರಕಾರ 1938ರಲ್ಲಿ ರೈತರ ಋಣಪರಿಹಾರ ಕಾಯಿದೆಯನ್ನು ತಂದಿತು. 1932ರ ಅಕ್ಟೋಬರಿಗೆ ಮುಂಚಿನ ಸಾಲಗಳಲ್ಲಿ, 1937ರ ಅಕ್ಟೋಬರ್ 1ಕ್ಕೆ ಬಾಕಿ ನಿಂತಿದ್ದ ಬಡ್ಡಿಯೆಲ್ಲ ಮನ್ನಾ ಆಯಿತು. ಅಸಲಿನ ಎರಡರಷ್ಟನ್ನು ಆಗಲೇ ಕಟ್ಟಿದ್ದ ರೈತನ ಸಾಲವೇ ತೀರಿದಂತಾಯಿತು. ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಎರಡೂ ಮದರಾಸು ಪ್ರಾಂತದವೇ. 1956ರಲ್ಲಿ ನಾವು ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋಗುವ ಮೊದಲು, ನಿಮ್ಮ ಅಜ್ಜಂದಿರಿಗೂ ನಮ್ಮ ಅಜ್ಜಂದಿರಿಗೂ ಅನ್ವಯಿಸಿದ್ದು ಒಂದೇ ಕಾಯಿದೆ.

ಬೆಲೆ ಕುಸಿದು ಸಾಲದ ತೂಕ ಅನ್ಯಾಯವಾಗಿ ಹೆಚ್ಚಿದಾಗ ಸಾಲಗಾರನ ಪರ ತಕ್ಕಡಿಯನ್ನು ಸರಿಪಡಿಸುವುದು ಧರ್ಮವಾಗಿತ್ತು. ಬೆಲೆ ಏರಿ ಸಾಲದ ತೂಕ ಅನ್ಯಾಯವಾಗಿ ಇಳಿದಾಗ ಕೊಟ್ಟವರ ಪರ ಅದೇ ತಕ್ಕಡಿಯನ್ನು ಸರಿಪಡಿಸುವುದೂ ಧರ್ಮವೇ ಆಗಬೇಕಲ್ಲವೇ? ಮೊದಲನೆಯದಕ್ಕೆ ಸರಕಾರ ಬೇಕಾಯಿತು. ಎರಡನೆಯದನ್ನು ಮಾಡಬೇಕಾದವನು ಸಾಲಗಾರನೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ಕೊಡಲಾರದವನು ಬೇರೆ, ಕೊಡಬಹುದಾಗಿದ್ದೂ ಮುಂದೂಡಿದವನು ಬೇರೆ. ನಮ್ಮ ರಾಜ್ಯದಲ್ಲಿ ಕಂದುವಟ್ಟಿ, ಮೀಟರ್ ವಟ್ಟಿ, ತಂಡಲ್ ಎಂಬ ಹೆಸರುಗಳಲ್ಲಿ ನಡೆಯುವ ಸುಲಿಗೆಯನ್ನು 2003ರ ಕಾಯಿದೆ ನಿಷೇಧಿಸಿತು. ಆದರೂ 2017ರ ಅಕ್ಟೋಬರಿನಲ್ಲಿ ತಿರುನೆಲ್ವೇಲಿಯ ಕಲೆಕ್ಟರ್ ಕಚೇರಿಯ ಎದುರು, ಕಂದುವಟ್ಟಿಯ ಕಾಟಕ್ಕೆ ಬೇಸತ್ತ ಒಂದು ಬಡ ಕುಟುಂಬ, ಇಬ್ಬರು ಪುಟ್ಟ ಮಕ್ಕಳ ಸಮೇತ, ಬೆಂಕಿಗೆ ಬಲಿಯಾಯಿತು. ಬಲವಂತದ ಸಾಲ ವಸೂಲಿಯನ್ನು ತಡೆಯಲು 2025ರಲ್ಲಿ ಕರ್ನಾಟಕವೂ ತಮಿಳುನಾಡೂ ಹೊಸ ಕಾನೂನುಗಳನ್ನು ಮಾಡಿದವು. ಯಾವ ಸಾಲವೂ ಒಂದು ಜೀವಕ್ಕೆ ಸಮನಲ್ಲ. ಕೈಯಲ್ಲಿ ನಿಜವಾಗಿಯೂ ಇಲ್ಲದವನು ‘ಇಲ್ಲ’ ಎಂದು ಹೇಳಿದರೆ ಅದರಲ್ಲಿ ನಾಚಿಕೆಯಿಲ್ಲ. ನಾನು ಅಂಥವನಾಗಿರಲಿಲ್ಲ, ‘ಇಲ್ಲ’ ಎಂದೂ ಹೇಳಿರಲಿಲ್ಲ. ಮೌನವಾಗಿದ್ದೆ.

ನಮ್ಮ ಗಡಿಯ ಭಾಷೆಗಳು ಈ ವಿಷಯದಲ್ಲಿ ನಮಗಿಂತ ಜಾಣವಾಗಿವೆ. ತಮಿಳಿನಲ್ಲಿ ಸಾಲಕ್ಕೆ ಕಡನ್, ಕರ್ತವ್ಯಕ್ಕೆ ಕಡಮೈ. ಮಲಯಾಳದಲ್ಲಿ ಕಡಂ, ಕಡಮ. ನಮ್ಮ ಕನ್ನಡದಲ್ಲೂ ‘ಕಡ ಕೊಡು’ ಎನ್ನುತ್ತೇವೆ. ಆದರೆ ಕರ್ತವ್ಯದ ಅರ್ಥ ಅದರಿಂದ ಎಲ್ಲೋ ಕಳಚಿಹೋಗಿದೆ. ಅದರ ಬದಲು ನಮ್ಮಲ್ಲಿ ‘ಸಾಲ’ದ ಪಕ್ಕದಲ್ಲಿ ‘ಋಣ’ವಿದೆ. ಸಾಲವನ್ನು ತೀರಿಸಬಹುದು, ಋಣ ತೀರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಋಣ ತೀರದೆಂಬ ಆ ಮಾತನ್ನು ಸಾಲವನ್ನೂ ತೀರಿಸದಿರಲು ನಾನು ಆಶ್ರಯಿಸಿದ್ದೆ.

ಕೊನೆಗೆ ನಾವಿಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ಚಿನ್ನದ ಲೆಕ್ಕ ನಮ್ಮಿಂದಾಗದು. ರಾಗಿಯ ಲೆಕ್ಕವೂ ಸದ್ಯಕ್ಕಾಗದು. ಕನಿಷ್ಠ ಸರಕಾರವೇ ಒಪ್ಪುವ 75,200 ರೂಪಾಯಿಯನ್ನು, ತಿಂಗಳಿಗೆ ಮೂರು ಸಾವಿರದಂತೆ, ಇಪ್ಪತ್ತೈದು ತಿಂಗಳಲ್ಲಿ ಕೊಡುವುದು. ಮದುವೆ ಅದಕ್ಕೆ ಮೊದಲೇ ನಿಶ್ಚಯವಾದರೆ ಉಳಿದದ್ದನ್ನು ಒಟ್ಟಿಗೆ ಹೊಂದಿಸುವುದು. ಚೀಟಿ ನಿಲ್ಲಿಸಿದೆವು. ಮಗಳಿಗೆ ಕೊಡಿಸಬೇಕೆಂದಿದ್ದ ಸ್ಕೂಟರನ್ನು ಮುಂದೂಡಿದೆವು. ವಿಷಯ ತಿಳಿಸಿದಾಗ ಅವಳು ಒಂದು ದಿನ ಮುನಿಸಿಕೊಂಡಿದ್ದು ನಿಜ, ಮರುದಿನ ಬಸ್ಸಿನ ಪಾಸು ಮಾಡಿಸಿಕೊಂಡಳು. ನೋಟ್‌ಬುಕ್ಕಿನಲ್ಲಿ ದೊಡ್ಡಮ್ಮನ ಹೆಸರು ಕೊನೆಯ ಹಾಳೆಯಿಂದ ಮೊದಲ ಸಾಲಿಗೆ ಬಂತು. ಬ್ಯಾಂಕಿನ ಕಂತು ಎರಡನೆಯದು. ಅದನ್ನೂ ತಪ್ಪಿಸುವುದಿಲ್ಲ.

1872ರ ಕರಾರು ಕಾಯಿದೆಯಲ್ಲಿ ಒಂದು ಸೊಗಸಾದ ಮಾತಿದೆ: ಕಾಲಮಿತಿ ಮೀರಿದ ಸಾಲವಾದರೂ, ಕೊಡುತ್ತೇನೆಂದು ಸಾಲಗಾರ ಬರೆದು ಸಹಿ ಮಾಡಿದರೆ ಆ ಮಾತು ಕಾನೂನಿನಲ್ಲಿ ಊರ್ಜಿತ. ಮನಸ್ಸಾಕ್ಷಿಗೆಂದು ಕಾನೂನು ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದೆ. ನಾನು ಒಂದು ಕಾಗದ ಬರೆದು ಸಹಿ ಹಾಕಿ, ಹಳ್ಳಿಗೆ ಹೋಗಿ ದೊಡ್ಡಮ್ಮನ ಮೊಮ್ಮಗಳ ಕೈಗೆ ಕೊಟ್ಟೆ. ನಾಳೆ ನನಗೇನಾದರೂ ಆದರೆ ಆ ಕಾಗದವಾದರೂ ಮಾತಾಡಲಿ ಎಂದು.

“ಇದೆಲ್ಲ ಯಾಕಪ್ಪಾ, ಇಪ್ಪತ್ತು ಕೊಟ್ಟೆ, ಇಪ್ಪತ್ತು ಕೊಟ್ರೆ ಸಾಕು” ಎಂದರು ದೊಡ್ಡಮ್ಮ. ಅದು ಅವರ ದೊಡ್ಡತನ. ಅದನ್ನು ನನ್ನ ಅಳತೆಗೋಲಾಗಿ ಬಳಸುವ ಹಕ್ಕು ನನಗಿಲ್ಲ ಎಂದು ಈ ಬಾರಿ ಗೊತ್ತಿತ್ತು. ಮೊದಲ ಮೂರು ಸಾವಿರವನ್ನು ಅವರು ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡರು. ಮುದ್ದೆ, ಅವರೆಕಾಳಿನ ಸಾರು ಬಡಿಸಿದರು.

ಎರಡನೆಯ ತಿಂಗಳು ಹೋದಾಗ ಮತ್ತೆ ಕೇಳಿದರು: “ಚಿನ್ನ ಈಗ ಏನು ರೇಟಪ್ಪಾ?”

ಈ ಸಲ ಅಂದಿನ ಬೆಲೆಯನ್ನು ಸರಿಯಾಗಿ ಹೇಳಿದೆ.