ಕಾರ್ಣಿಕ ಕೇಳುವ ಕಿವಿ

 

ಭರತ ಹುಣ್ಣಿಮೆ ಬಂತೆಂದರೆ ನಮ್ಮ ಸೀಮೆಯ ದಾರಿಗಳೆಲ್ಲ ಹಡಗಲಿ ತಾಲೂಕಿನ ಮೈಲಾರದ ಕಡೆ ತಿರುಗುತ್ತವೆ. ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಅಷ್ಟು ದೊಡ್ಡ ಜನಸಾಗರ ಗಪ್ಪಾಗುತ್ತದೆ. ಒಂದೇ ಸಾಲು ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ನಮ್ಮ ಜನರ ಕೆಲಸ ಶುರುವಾಯಿತು.

ಅದೇ ಒಂದು ಸಾಲು ಈರುಳ್ಳಿ ಬೆಳೆದವನಿಗೆ ರೇಟಾಗಿ ಕೇಳಿಸುತ್ತದೆ. ಕೂಡ್ಲಿಗಿ ಕಡೆಯ ಒಣ ಹೊಲದವನಿಗೆ ಮಳೆಯಾಗಿ. ಟಿಕೆಟ್ ಕಾಯುತ್ತಿರುವ ಮುಖಂಡನಿಗೆ ಟಿಕೆಟ್ಟೇ ಆಗಿ. ಆಡಳಿತ ಪಕ್ಷದವರು ಸರ್ಕಾರ ಭದ್ರ ಅಂತಾರೆ, ವಿರೋಧ ಪಕ್ಷದವರು ಬಿತ್ತು ಅಂತಾರೆ. ಕಾರ್ಣಿಕ ಸುಳ್ಳಾಯಿತು ಎಂದವರನ್ನು ಮಾತ್ರ ನಾನು ಕಂಡಿಲ್ಲ. ಹೆಚ್ಚೆಂದರೆ 'ನಮಗೆ ಅರ್ಥ ಆಗಲಿಲ್ಲ ಬಿಡ್ರಿ' ಎಂದಾರು.

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಹಳೆಯ ಯಾವುದೋ ಒಂದು ಸಾಲನ್ನು ಈ ಮೂರಕ್ಕೂ ಹೊಂದಿಸಿ ತೋರಿಸುವ ಜಾಣರು ಚಹಾದಂಗಡಿಯಲ್ಲಿ ಸಿಗುತ್ತಾರೆ. ನಗುವ ಮಾತಲ್ಲ ಇದು. 371(ಜೆ) ಸೌಲಭ್ಯ ನಮಗೂ ಬೇಕೆಂದು ಅಲ್ಲಿನ ಜನ ಬೀದಿಗಿಳಿದು ವರ್ಷಗಟ್ಟಲೆ ಹೋರಾಡಿದರು. 'ಮೊದಲೇ ನುಡಿದಿತ್ತು' ಎಂದು ಒಪ್ಪಿಬಿಟ್ಟರೆ ಧರಣಿ ಕೂತವರ ಬೆವರು ಎಲ್ಲಿ ಹೋಯಿತು? ನಮ್ಮ ಜನ ಇದನ್ನು ಬೇಗ ತಿಳಿಯಬೇಕು. ಬಾಬಾಸಾಹೇಬರು ಹೋರಾಡಿ ತಂದದ್ದನ್ನು 'ಹಣೆಬರಹ ಚೆನ್ನಾಗಿತ್ತು' ಎನ್ನುವವರು ನಮ್ಮ ಮನೆಗಳಲ್ಲೇ ಇನ್ನೂ ಇದ್ದಾರೆ.

ದೀಕ್ಷೆ ಪಡೆದು ಎಷ್ಟೋ ವರ್ಷವಾದ ಅವ್ವ ಒಬ್ಬರು ನಮ್ಮ ಓಣಿಯಲ್ಲಿದ್ದಾರೆ. ಪ್ರತಿ ವರ್ಷ ತಪ್ಪದೆ ಕೇಳುತ್ತಾರೆ, 'ಏನಂತಪ್ಪ ಈ ಸಲ ಕಾರ್ಣಿಕ?' ಹುಡುಗರು ನಗುತ್ತಾರೆ. ನನಗೆ ಆ ನಗು ಸೇರುವುದಿಲ್ಲ. ಬೀಜಕ್ಕೆ ಸಾಲ ಮಾಡಿ ಆಕಾಶ ನೋಡುತ್ತಾ ಕೂತವರ ಪ್ರಶ್ನೆ ಅದು. ಭಯಪಟ್ಟ ಜನ ಬೆಟ್ಟ, ವನ, ಮರಗಳಿಗೆ ಶರಣು ಹೋಗುತ್ತಾರೆ, ಅದು ಕ್ಷೇಮದ ಶರಣಲ್ಲ ಎಂದು ಧಮ್ಮಪದ ಹೇಳುತ್ತದೆ. ಗಮನಿಸಿ: ಮೊದಲು ಭಯದ ಮಾತು, ಆಮೇಲೆ ಬೆಟ್ಟದ ಮಾತು. ಅವ್ವನಿಗೆ ಬೆಳೆ ವಿಮೆಯ ಅರ್ಜಿ ತುಂಬಿಕೊಟ್ಟವನು ಬೇಕಾದರೆ ನಗಲಿ.

ಇಷ್ಟಕ್ಕೂ ನಮ್ಮ ಮೊಬೈಲಿನಲ್ಲೇ ಒಂದು ಮರಡಿ ಇದೆ. ಬಾಬಾಸಾಹೇಬರ ಫೋಟೋ, ಕೆಳಗೊಂದು ಸಾಲು. ಫೋಟೋ ನಿಜ, ಆದ್ದರಿಂದ ಸಾಲೂ ನಿಜ! ಪರಂಪರೆಯಿಂದ ಬಂತೆಂದು, ಗ್ರಂಥದಲ್ಲಿದೆಯೆಂದು, ಗುರು ಹೇಳಿದನೆಂದು ಒಪ್ಪಬೇಡಿ ಎಂದು ಕೇಸಪುತ್ತದ ಕಾಲಾಮರಿಗೆ ಭಗವಾನರು ಹೇಳಿದರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಬುದ್ಧವಚನವನ್ನೇ ವಿವೇಕದ ಒರೆಗೆ ಹಚ್ಚಿದರು. ಅವರ ಹೆಸರಿನ ಸಾಲಿಗೆ ಮಾತ್ರ ಒರೆ ಬೇಡವೇ?

ಮೊನ್ನೆ ಇನ್ನೊಂದು ಗುಂಪಿನಲ್ಲಿ ಅಂಥದೇ ಸಾಲು ಬಂತು. ಕಾಲೇಜು ಓದುವ ತಂಗಿಯೊಬ್ಬಳು ಕೇಳಿದಳು, 'ಅಣ್ಣಾ, ಇದು ಯಾವ ಸಂಪುಟ, ಎಷ್ಟನೇ ಪುಟ?' ಉತ್ತರವಾಗಿ ಎಂಟು ಕೈಮುಗಿದ ಚಿತ್ರ, ಮೂರು ಗುಲಾಬಿ ಬಂದವು. ಪುಟ ಇನ್ನೂ ಬಂದಿಲ್ಲ.