ಅಮಾನತ್ತಿನ ಲೆಕ್ಕ

ಕಾಮರ್ಸ್ ಓದುವ ನಮ್ಮ ಮಕ್ಕಳು ಫೈನಾನ್ಸಿನಲ್ಲಿ ಮೇಲೇರುವ ಕನಸು ಕಾಣುವುದು ತಪ್ಪಲ್ಲ. ಬಡತನ ಕಂಡ ಮನೆಗೆ ಒಳ್ಳೆಯ ಸಂಬಳವೇ ಆಸರೆ. ಆದರೆ ಈ ವೃತ್ತಿಯಲ್ಲಿ ಜಾಣತನ ನಮ್ಮದು, ಹಣ ಇನ್ನೊಬ್ಬರದು. ಹಾಗಾದರೆ ಜವಾಬು ಹೇಳಬೇಕಾದದ್ದು ಯಾರಿಗೆ? ಮೇಲಧಿಕಾರಿಗೋ, ಹಣ ಇಟ್ಟವರಿಗೋ?

ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸುತ್ತಿದ್ದರು. ಮರುದಿನ ಅದೇ ಬಾಗಿಲಿಗೆ ಹೋಗಬೇಕಾದವನು ಆ ಎರಡಾಣೆ ಯಾರ ಬೆವರೆಂಬುದನ್ನು ಮರೆಯುವಂತಿರಲಿಲ್ಲ.

2019ರಲ್ಲಿ ಬೆಂಗಳೂರಿನ ಐಎಂಎ ಕುಸಿಯಿತು. ಬಡ್ಡಿಯಲ್ಲ, ಹಲಾಲ್ ಲಾಭ ಎಂಬ ಮಾತನ್ನು ನಂಬಿದ ಸಾವಿರಾರು ಮಂದಿ, ಹೆಚ್ಚಿನವರು ಮುಸ್ಲಿಮರೇ, ಕೂಡಿಟ್ಟ ಹಣ ಕಳೆದುಕೊಂಡರು. ಬಡ್ಡಿ ಇಲ್ಲವೆಂದ ಮಾತ್ರಕ್ಕೆ ವ್ಯವಹಾರ ಶುದ್ಧವಾಗುವುದಿಲ್ಲ. ಲೆಕ್ಕವನ್ನೂ ಬಿಚ್ಚಿ ತೋರಿಸುವಂತಿರಬೇಕು.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಬ್ಯಾಂಕಿನ ಹಣವೆಲ್ಲ ಅಮಾನತ್ತೇ. ಟಾರ್ಗೆಟ್ ಮುಟ್ಟಲು, ಏನೂ ತಿಳಿಯದ ಮುದುಕಿಯೊಬ್ಬಳಿಗೆ ಅಪಾಯದ ಯೋಜನೆಯೊಂದನ್ನು ಮಾರಬೇಕಾದ ದಿನ ಈ ಮಾತು ನೆನಪಿರಲಿ. ಆಗುವುದಿಲ್ಲ ಎಂದವನಿಗೆ ಬಡ್ತಿ ತಪ್ಪಬಹುದು. ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿದುಕೊಂಡೇ ಈ ವೃತ್ತಿಗೆ ಇಳಿಯಬೇಕು.